ಹಲ್ಲು ನೋಡಿಸದೆ ಗಟ್ಟಿ ಕಡಿವಾಣ ಬೇಡ

ಗುಂಪು: ಅಜ್ಜನ ಮನೆ

ಚಿಕ್ಕಪ್ಪ: ಎಲ್ಲರೂ ವಿಡಿಯೋ ನೋಡಿ, ಟ್ರೈನರ್ ಕಳಿಸಿದ್ದು. ನಮ್ಮ ಕುದುರೆ ಚುಕ್ಕಿ ಕ್ಯಾಂಟರ್, ಅಂದರೆ ಹದವಾದ ಓಟ, ಶುರು ಮಾಡಿದ್ದಾಳೆ! ಸ್ವಲ್ಪ ದಿನದಲ್ಲೇ ಜಂಪಿಂಗ್ ಅಂತೆ. ತಲೆ ಕೊಡವುತ್ತಾಳೆ, ಮೊಂಡು ಜಾಸ್ತಿ, ಅದಕ್ಕೆ ಗಟ್ಟಿ ಕಡಿವಾಣ ಬೇಕಂತೆ. ಖರ್ಚು ಎಲ್ಲರೂ ಹಂಚಿಕೊಳ್ಳೋಣ.

ಅತ್ತೆ: ಎಷ್ಟು ಚೆನ್ನಾಗಿ ಬೆಳೆದಿದ್ದಾಳೆ!

ನಾನು: ಚಿಕ್ಕಪ್ಪ, ದುಡ್ಡಿನ ಮಾತು ಆಮೇಲೆ. ನನಗೆ ಈ ವಿಡಿಯೋ ನೋಡಿ ಸಂಕಟ ಆಯ್ತು. ಸವಾರನನ್ನು ಬಿಟ್ಟು ಚುಕ್ಕಿಯ ಬಾಯಿ ಮಾತ್ರ ನೋಡಿ. ಎಡಗಡೆ ಲಗಾಮು ಎಳೆದಾಗಲೆಲ್ಲ ಬಾಯಿ ತೆರೆಯುತ್ತಾಳೆ, ತಲೆ ಮೇಲಕ್ಕೆ ಎಸೆಯುತ್ತಾಳೆ, ಬಾಲ ಬೀಸುತ್ತಾಳೆ. ಬಲಕ್ಕೆ ತಿರುಗಿಸುವಾಗ ಇದ್ಯಾವುದೂ ಇಲ್ಲ. ಮೊಂಡುತನ ಒಂದೇ ಕಡೆ ಇರುತ್ತದಾ?

ಚಿಕ್ಕಪ್ಪ: ಟ್ರೈನರ್ ರೇಸ್ ಕುದುರೆಗಳನ್ನೇ ಪಳಗಿಸಿದವರು ಕಣಮ್ಮ.

ನಾನು: ಅವರ ಕೈಗುಣ ನನಗೆ ಗೊತ್ತು. ಮೈ ಮುಟ್ಟಲು ಬಿಡದಿದ್ದವಳು ಈಗ ತಾನೇ ಗೊರಸು ಎತ್ತಿ ಕೊಡುತ್ತಾಳೆ, ಅದು ಅವರಿಂದಲೇ. ಆದರೆ ಅವಳಿಗೆ ಇನ್ನೂ ಮೂರು ತುಂಬಿಲ್ಲ. ಕುದುರೆಗೆ ಎರಡೂವರೆ ವರ್ಷದ ಹೊತ್ತಿಗೆ ಮುಂದಿನ ನಡುಹಲ್ಲು ಬಿದ್ದು ಹೊಸದು ಬರುತ್ತದೆ. ದವಡೆಯಲ್ಲೂ ಹಾಲುಹಲ್ಲು ಉದುರಲು ಶುರುವಾಗಿ, ಸುಮಾರು ನಾಲ್ಕು ವರ್ಷದವರೆಗೆ ನಡೆಯುತ್ತದೆ. ಕೆಲವಕ್ಕೆ ದವಡೆಹಲ್ಲಿನ ಮುಂದೆ ಒಂದು ಪುಟ್ಟ ಹಲ್ಲೂ ಇರುತ್ತದೆ, ಡಾಕ್ಟರುಗಳು ವುಲ್ಫ್ ಟೂತ್ ಅನ್ನುತ್ತಾರೆ. ಕಡಿವಾಣ ಕೂರುವುದು ಅದರ ಹತ್ತಿರವೇ. ಮೊನ್ನೆ ಅವಳನ್ನು ನೋಡಲು ಮೈಸೂರಿಗೆ ಹೋದಾಗ ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಸೈಸ್ ಹೇಳಿದರು, ಹುಲ್ಲು ಅಗಿದು ಉಂಡೆ ಮಾಡಿ ಉಗುಳುತ್ತಾಳೆ ಅಂತ. ಗೋದಲಿಯಲ್ಲಿ ಆ ಉಂಡೆಗಳು ಇನ್ನೂ ಒದ್ದೆಯಾಗಿಯೇ ಬಿದ್ದಿದ್ದವು. ಬಾಯಲ್ಲಿ ನೋವಿದ್ದಾಗ ಕುದುರೆಗಳು ಹಾಗೆ ಮಾಡುತ್ತವೆ.

ಅತ್ತೆ: ಅಯ್ಯೋ ಪಾಪ. ಹಲ್ಲು ಬರುವ ಮಗುವಿಗೆ ಚಕ್ಕುಲಿ ಕೊಟ್ಟ ಹಾಗಾಯ್ತಲ್ಲ!

ತಮ್ಮ: ಅಕ್ಕ, ರೇಸಿನಲ್ಲಿ ಎರಡು ವರ್ಷಕ್ಕೇ ಓಡಿಸುತ್ತಾರಲ್ಲ? ಎಳೆಯದರಲ್ಲಿ ಓಡಿದರೆ ಮೂಳೆ ಗಟ್ಟಿಯಾಗುತ್ತದೆ ಅಂತಲೂ ಓದಿದ್ದೆ.

ನಾನು: ಅದು ನಿಜ ಕಣೋ. ಸುಮ್ನೆ ಲಾಯದಲ್ಲಿ ಕಟ್ಟಿಹಾಕಿದರೆ ಮೂಳೆ ಸೊರಗುತ್ತದೆ, ನೇರ ದಾರಿಯಲ್ಲಿ ಚಿಕ್ಕ ಚಿಕ್ಕ ಓಟ ಒಳ್ಳೆಯದೇ. ಆದರೆ ರೇಸಿನ ಜಾಕಿ 50–60 ಕೆಜಿ ಇರುತ್ತಾನೆ. ಇಲ್ಲಿ ಕೂತಿರುವ ಸವಾರ ಹಾಗಿದ್ದಾನಾ? ಸಣ್ಣ ಅಂಗಳದಲ್ಲಿ ಒಂದೇ ಕಡೆಗೆ ಸುತ್ತಿನ ಮೇಲೆ ಸುತ್ತು. ಅಷ್ಟು ಬಿಗಿಯಾಗಿ ತಿರುಗಿಸಿದರೆ ಕೀಲುಗಳ ಮೇಲೆ ಓರೆಯಾಗಿ ಭಾರ ಬೀಳುತ್ತದೆ. ಕಾಲಿನ ಮೂಳೆ ಬೇಗ ಬಲಿಯುತ್ತದೆ, ಬೆನ್ನುಮೂಳೆ ಪೂರ್ತಿ ಬಲಿಯಲು ಐದಾರು ವರ್ಷ ಬೇಕು. ಜೀನು ಕೂರುವುದು ಆ ಬೆನ್ನಿನ ಮೇಲೇ ಅಲ್ವಾ?

ಚಿಕ್ಕಪ್ಪ: ಹಾಗಾದರೆ ಇಷ್ಟು ತಿಂಗಳು ಕಟ್ಟಿದ ಫೀಸು ದಂಡವಾ? ಅವರ ಲೆಕ್ಕದಲ್ಲಿ ಒಳ್ಳೆಯ ಪ್ರೋಗ್ರೆಸ್.

ನಾನು: ದಂಡ ಅಂತ ಯಾರು ಹೇಳಿದರು? ಕಲಿತಿದ್ದಾಳೆ. ಆದರೆ ಮೊದಲು ಜೀನು ತಂದರೆ ಮುಂದೆ ಬರುತ್ತಿದ್ದವಳು ಈಗ ಗೋಡೆ ಕಡೆ ತಿರುಗಿ ನಿಲ್ಲುತ್ತಾಳೆ. ಇದನ್ನು ಪ್ರೋಗ್ರೆಸ್ ಅನ್ನಲು ನನ್ನಿಂದಾಗದು. ಗಟ್ಟಿ ಕಡಿವಾಣ ಹಾಕಿದರೆ ಹೆದರಿ ತಲೆ ಕೊಡವುವುದನ್ನು ಬಿಟ್ಟಾಳು, ನೋವು ಎಲ್ಲಿಗೆ ಹೋಗುತ್ತದೆ? ಮೊದಲು ಡಾಕ್ಟರ್ ಬಂದು ಹಲ್ಲು ನೋಡಲಿ. ಅಲ್ಲಿವರೆಗೆ ಬಾಯಿಗೆ ಕಬ್ಬಿಣ ಬೇಡ. ಹಗ್ಗ ಹಿಡಿದು ಊರ ದಾರಿಯಲ್ಲಿ ನಡೆಸಲಿ, ಬೇರೆ ಕುದುರೆಗಳ ಜೊತೆ ಬಯಲಿಗೆ ಬಿಡಲಿ. ಜಂಪಿಂಗ್ ಮಾತು ನಾಲ್ಕು ತುಂಬಿದ ಮೇಲೆ.

ದೊಡ್ಡಪ್ಪ: ಹಲ್ಲು ನೋಡಿಸಿ. ಆದರೆ ಟ್ರೈನರ್ ಬೆನ್ನ ಹಿಂದೆ ಡಾಕ್ಟರನ್ನು ಕರೆಸಬೇಡಿ. ಅವರಿಗೆ ತಿಳಿಸಿ, ಅವರೂ ಎದುರಿಗಿರಲಿ.

ನಾನು: ಖಂಡಿತ ದೊಡ್ಡಪ್ಪ. ಇವತ್ತು ಸಂಜೆಯೇ ನಾನು ಫೋನ್ ಮಾಡುತ್ತೇನೆ.

ಚಿಕ್ಕಪ್ಪ: ಸರಿ, ಡಾಕ್ಟರ್ ಖರ್ಚು ನನ್ನದು. ಹಲ್ಲು ಸರಿ ಇದೆ ಅಂದರೆ ಮಾತ್ರ ಟ್ರೈನರ್ ಹೇಳಿದ ಹಾಗೆ. ಒಪ್ಪಿಗೆನಾ?

ನಾನು: ಹಲ್ಲು ಸರಿ ಇದ್ದರೆ ಬೆನ್ನು ನೋಡಿಸೋಣ, ಜೀನು ಒತ್ತುತ್ತಿದೆಯಾ ಅಂತಲೂ ನೋಡಿಸೋಣ. ಈ ವರ್ಷ ಜಂಪಿಂಗಿಗೆ ನಾನು ಒಪ್ಪುವುದಿಲ್ಲ, ಚಿಕ್ಕಪ್ಪ.