ಬೋಲ್ಟ್ ಆಕ್ಷನ್ ಇದ್ದೂ ಲಿವರ್ ಆಕ್ಷನ್ ರೈಫಲ್ ಯಾಕೆ? ಬರೀ ಕೌಬಾಯ್ ಶೋಕಿನಾ?

ಪ್ರಶ್ನೆ: ಹೊಸಬೇಟೆ

ಇರೋದು ಪೆನ್ಸಿಲ್ವೇನಿಯಾ. ಜಿಂಕೆಗೆ .308 ತೋಟಾದ ಬೋಲ್ಟ್ ಆಕ್ಷನ್ (ಪಕ್ಕದ ಹಿಡಿ ಎತ್ತಿ ಎಳೆದು ತೋಟಾ ತುಂಬೋ ರೈಫಲ್) ಇದೆ, ಸ್ಕೋಪ್ ಸೇರಿ ನಾಲ್ಕು ಕೆ.ಜಿ. ಹತ್ತಿರ ತೂಗುತ್ತೆ. ಇಲ್ಲಿ ಯಾವ ಅಂಗಡಿಗೆ ಹೋದರೂ ಗೋಡೆ ತುಂಬ ಲಿವರ್ ಆಕ್ಷನ್, ಅಂದರೆ ಟ್ರಿಗರ್ ಸುತ್ತಲಿನ ಕೊಂಡಿಯನ್ನ ಕೆಳಕ್ಕೆ ತಳ್ಳಿ ತೋಟಾ ತುಂಬೋವು. ರೂಗರ್ ಕಂಪನಿ 2020ರಲ್ಲಿ ಹಳೇ ಲಿವರ್ ರೈಫಲ್ ಕಂಪನಿ ಮಾರ್ಲಿನ್ ಕೊಂಡು ಮತ್ತೆ ತಯಾರಿಕೆ ಶುರು ಮಾಡಿದೆ. ಸ್ಮಿತ್ ಆಂಡ್ ವೆಸನ್ 2024ರಲ್ಲಿ ತನ್ನದೂ ಒಂದು ಇಳಿಸಿದೆ. ಗುರಿಯ ನಿಖರತೆಗೆ ಬೋಲ್ಟ್ ಮೇಲು, ವೇಗಕ್ಕೆ ಸೆಮಿ ಆಟೊ (ಈಡು ಹೊಡೆದ ಮೇಲೆ ಮುಂದಿನ ತೋಟಾ ತಾನೇ ತುಂಬಿಕೊಳ್ಳೋದು) ಮೇಲು ಅಂತ ಎಲ್ಲರಿಗೂ ಗೊತ್ತು. ಹಾಗಿದ್ದೂ ನೂರಾಮೂವತ್ತು ವರ್ಷ ಹಳೇ ವಿನ್ಯಾಸವನ್ನ ಜನ ದುಡ್ಡು ಕೊಟ್ಟು ತಗೊಳ್ಳೋದು ಯಾಕೆ? ತಾಂತ್ರಿಕವಾಗಿ ಏನಾದರೂ ಕಾರಣ ಇದ್ದರೆ ತಿಳಿಸಿ. ತಗೊಳ್ಳೋದಾದರೆ .30-30 ತೋಟಾದ್ದು ಸಾಕಾ, ಹಳೇದು ಕೊಳ್ಳಬಹುದಾ ಅನ್ನೋದೂ ಬೇಕು.

ಕಾಡುಕಣಿವೆ:

ಶೋಕಿ ಇದೆ, ಇಲ್ಲ ಅನ್ನೋಕಾಗಲ್ಲ. ಆದರೆ ಬರೀ ಶೋಕಿಗೆ 70 ಲಕ್ಷಕ್ಕೂ ಹೆಚ್ಚು ವಿಂಚೆಸ್ಟರ್ 94 ಲಿವರ್ ರೈಫಲ್ ಖರ್ಚಾಗಲ್ಲ.

ಮೊದಲನೇ ಕಾರಣ ನಿಮ್ಮ ರಾಜ್ಯದಲ್ಲೇ ಇದೆ. ಪೆನ್ಸಿಲ್ವೇನಿಯಾದಲ್ಲಿ ಜಿಂಕೆಗೆ ಸೆಮಿ ಆಟೊ ರೈಫಲ್ ಬಳಸೋ ಹಾಗಿಲ್ಲ. ಎರಡನೇ ಈಡು ಬೇಗ ಬೇಕು ಅನ್ನುವವರಿಗೆ ಉಳಿಯೋದು ಪಂಪ್ (ನಳಿಗೆ ಕೆಳಗಿನ ಹಿಡಿಯನ್ನ ಹಿಂದೆಮುಂದೆ ಎಳೆಯೋದು) ಇಲ್ಲಾ ಲಿವರ್.

ಬೋಲ್ಟ್‌ನಲ್ಲಿ ಬಲಗೈ ಹಿಡಿ ಬಿಡಬೇಕು, ಬೋಲ್ಟ್ ಎತ್ತಬೇಕು, ಎಳೆಯಬೇಕು, ತಳ್ಳಬೇಕು, ಮಡಚಬೇಕು, ಮತ್ತೆ ಹಿಡಿ ಹುಡುಕಬೇಕು. ಲಿವರ್‌ನಲ್ಲಿ ಕೆಳಕ್ಕೊಮ್ಮೆ ಮೇಲಕ್ಕೊಮ್ಮೆ, ಮುಗೀತು. ರೈಫಲ್‌ನ ಹಿಂತುದಿ ಹೆಗಲಲ್ಲೇ ಇರುತ್ತೆ, ಕೆನ್ನೆ ಮರದ ಮೇಲೇ ಇರುತ್ತೆ. ಆ ಒಂದೇ ಎಳೆತದಲ್ಲಿ 94ರ ಒಳಗೆ ನಡೆಯೋದು ಇಷ್ಟು: ಬೋಲ್ಟ್‌ನ ಬೆನ್ನಿಗೆ ಅಡ್ಡ ನಿಂತಿರೋ ಲಾಕಿಂಗ್ ಬ್ಲಾಕ್ ಕೆಳಕ್ಕೆ ಜಾರುತ್ತೆ, ಬೋಲ್ಟ್ ಹಿಂದಕ್ಕೆ ಬರುತ್ತಾ ಹ್ಯಾಮರನ್ನ (ತೋಟಾ ಹೊತ್ತಿಸೋ ಪೆಟ್ಟು ಕೊಡೋ ಸುತ್ತಿಗೆ) ಹಿಂದಕ್ಕೆ ಕೆಡವಿ ಕಾಕ್ ಮಾಡುತ್ತೆ, ಅಂದರೆ ಹೊಡೆಯೋಕೆ ಸಜ್ಜು ಮಾಡುತ್ತೆ, ಖಾಲಿ ಕೇಸ್ ಹಾರುತ್ತೆ, ಕೊನೆಯಲ್ಲಿ ಕ್ಯಾರಿಯರ್ ಮುಂದಿನ ತೋಟಾವನ್ನ ಎತ್ತಿ ಹಿಡಿಯುತ್ತೆ. ಲಿವರ್ ಮುಚ್ಚಿದರೆ ಅದು ನಳಿಗೆಯ ಹಿಂತುದಿಯ ಗೂಡಿಗೆ, ಅಂದರೆ ಚೇಂಬರ್‌ಗೆ ಹೋಗುತ್ತೆ, ಬ್ಲಾಕ್ ಮತ್ತೆ ಮೇಲೆದ್ದು ಬೀಗ ಹಾಕುತ್ತೆ.

ಎರಡನೇದು ಹೊತ್ತು ನಡೆಯೋ ಸುಖ. ಇದನ್ನ ಅಂಗಡಿಯಲ್ಲಿ ನಿಂತು ತಿಳಿಯೋಕಾಗಲ್ಲ. ಪಕ್ಕಕ್ಕೆ ಚಾಚಿದ ಬೋಲ್ಟ್ ಹಿಡಿ ಇಲ್ಲ, ಕೆಳಗೆ ಜೋತ ಮ್ಯಾಗಝಿನ್ ಇಲ್ಲ. 20 ಇಂಚಿನ ನಳಿಗೆಯ 94 ಸುಮಾರು 3.1 ಕೆ.ಜಿ., ತೂಕದ ನಡುಬಿಂದು ರಿಸೀವರ್ (ಈ ಭಾಗಗಳನ್ನೆಲ್ಲ ಹಿಡಿದಿರೋ ನಡುವಿನ ಉಕ್ಕಿನ ಪೆಟ್ಟಿಗೆ) ಹತ್ತಿರವೇ ಬೀಳುತ್ತೆ, ಅಲ್ಲಿ ಅದು ಎಷ್ಟು ತೆಳು ಅಂದರೆ ಒಂದು ಕೈ ಸುತ್ತಲೂ ಕೂರುತ್ತೆ. ದಿನವಿಡೀ ಪೊದೆ ನುಗ್ಗಿ ನಡೆಯೋವಾಗ ಸ್ಕೋಪ್ ಹೊತ್ತ ಬೋಲ್ಟ್ ರೈಫಲ್‌ನಲ್ಲಿ ಆ ಜಾಗಕ್ಕೆ ಕೈ ಹಾಕೋಕೇ ಆಗಲ್ಲ. ಕುದುರೆ ಜೀನಿನ ಪಕ್ಕದ ಚರ್ಮದ ಚೀಲಕ್ಕೆ ಇದು ಸಲೀಸಾಗಿ ಇಳಿಯುತ್ತಿದ್ದದ್ದೂ ಈ ಚಪ್ಪಟೆ ಆಕಾರದಿಂದಲೇ.

ಮತ್ತೆ, ಹಳೇ ವಿನ್ಯಾಸ ಅಂದ್ರಲ್ಲ, ಎಲ್ಲ ಲಿವರ್‌ಗಳೂ ಒಂದೇ ಅಲ್ಲ. 1860ರ ಹೆನ್ರಿ ರೈಫಲ್‌ನಲ್ಲಿ ನಳಿಗೆಯ ಕೆಳಗಿನ ಟ್ಯೂಬ್‌ಗೆ 16 ತೋಟಾ ಹಿಡೀತಿತ್ತು ನಿಜ, ಆದರೆ ಟ್ಯೂಬ್‌ನ ಕೆಳಗೆ ಉದ್ದಕ್ಕೂ ಸೀಳು. ಅದರಲ್ಲಿ ಕಸ ಸೇರೋದು, ತೋಟಾ ತಳ್ಳೋ ಕೊಂಡಿ ಎಡಗೈಗೆ ತಾಗಿ ನಿಲ್ಲೋದು. 1866ರಲ್ಲಿ ನೆಲ್ಸನ್ ಕಿಂಗ್ ರಿಸೀವರ್‌ನ ಬಲಬದಿಗೆ ಸ್ಪ್ರಿಂಗ್ ಬಾಗಿಲು ಇಟ್ಟ ಮೇಲೆ ಆ ಕಾಟ ತಪ್ಪಿತು, ನಳಿಗೆಯ ಕೆಳಗೆ ಕೈಗೆ ಮರವೂ ಬಂತು. 1873ರದ್ದರಲ್ಲಿ ಬೀಗ ಅಂದರೆ ಮೊಣಕೈಯಂತೆ ಮಡಚೋ ಟಾಗಲ್ ಕೊಂಡಿ; .44-40ರಂಥ ಪಿಸ್ತೂಲು ದರ್ಜೆಯ ತೋಟಾಕ್ಕೆ ಸಾಕು, ಅದಕ್ಕಿಂತ ಮೇಲೆ ತಡೆಯಲ್ಲ. ಜಾನ್ ಬ್ರೌನಿಂಗ್ 1886ರಲ್ಲಿ ಲಂಬವಾಗಿ ಏರಿಳಿಯೋ ಉಕ್ಕಿನ ಬೀಗಗಳನ್ನ ತಂದ, .45-70 ತಡೆಯಿತು. ಅವನದೇ 1894ಕ್ಕೆ (ಮೇಲೆ ಹೇಳಿದ ವಿಂಚೆಸ್ಟರ್ 94) ಮರುವರ್ಷ ಹೊಗೆರಹಿತ ಮದ್ದಿನ .30-30 ಬಂತು. ಇವತ್ತು ನೀವು ಅಂಗಡಿಯಲ್ಲಿ ನೋಡೋದು ಈ ಎರಡನೇ ಪೀಳಿಗೆ.

ಮಿಲಿಮೀಟರ್:

ಮೇಲಿನದು ಸರಿ, ಆದರೆ ಇನ್ನೊಂದು ಬದಿಯನ್ನೂ ಹೇಳಬೇಕು. ಲಿವರ್ ಹೊಗಳೋರು ದೂರದ ಮಾತು ಬಂದಾಗ ಸುಮ್ಮನಾಗ್ತಾರೆ.

ಕೊಳವೆ ಮ್ಯಾಗಝಿನ್‌ನಲ್ಲಿ ಒಂದು ತೋಟಾದ ಮೂತಿ ಮುಂದಿನದರ ತಳದ ಪ್ರೈಮರ್‌ಗೆ (ಪೆಟ್ಟು ಬಿದ್ದರೆ ಮದ್ದು ಹೊತ್ತಿಸೋ ಬಿಲ್ಲೆ) ಒತ್ತಿಕೊಂಡಿರುತ್ತೆ. ಚೂಪು ಗುಂಡು ಹಾಕಿದರೆ, ಈಡು ಹೊಡೆದಾಗಿನ ಒದೆತಕ್ಕೆ ಟ್ಯೂಬ್ ಒಳಗೇ ಸಿಡಿಯೋ ಅಪಾಯ. ಆದ್ದರಿಂದ ಚಪ್ಪಟೆ ಮೂತಿ, ಚಪ್ಪಟೆ ಮೂತಿ ಅಂದಮೇಲೆ ಗಾಳಿಯ ತಡೆ ಜಾಸ್ತಿ. .30-30ರಲ್ಲಿ 170 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ಸೆಕೆಂಡಿಗೆ 2200 ಅಡಿಯಲ್ಲಿ ಹೊರಡುತ್ತೆ, ಅದೂ ಕಂಪನಿಯ ಉದ್ದ ನಳಿಗೆಯ ಲೆಕ್ಕ. ನಿಮ್ಮ 20 ಇಂಚಿನದರಲ್ಲಿ ಇನ್ನೂ ಕಡಿಮೆ. 100 ಗಜಕ್ಕೆ ಸೊನ್ನೆ ಕೂರಿಸಿದರೆ, ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳೋ ಹಾಗೆ ಹೊಂದಿಸಿದರೆ, 200 ಗಜದಲ್ಲಿ ಸುಮಾರು 8 ಇಂಚು ಕೆಳಗೆ ಬೀಳುತ್ತೆ. ನಿಮ್ಮ .308ರಲ್ಲಿ 150 ಗ್ರೇನ್ ಗುಂಡಿಗೆ ಅದರ ಅರ್ಧದ ಆಸುಪಾಸು. ಹೋರ್ನಡಿಯ ಲೆವರೆವಲ್ಯೂಷನ್ ತೋಟಾದಲ್ಲಿ ಮೂತಿ ಚೂಪೇ, ಆದರೆ ರಬ್ಬರಿನಂಥ ಮೆತ್ತನೆ ತುದಿ, ಹಾಗಾಗಿ ಟ್ಯೂಬ್‌ಗೆ ಹಾಕಬಹುದು. ಅದರಲ್ಲಿ 160 ಗ್ರೇನ್ 2400 ಅಡಿಯಲ್ಲಿ ಹೋಗುತ್ತೆ, ಇಳಿತ ಸ್ವಲ್ಪ ತಗ್ಗುತ್ತೆ. ಸಾಮಾನ್ಯ ಚೂಪು ಗುಂಡನ್ನ ಮಾತ್ರ ಯಾರು ಏನೇ ಹೇಳಿದರೂ ಟ್ಯೂಬ್‌ಗೆ ಹಾಕಬೇಡಿ.

ನಿಖರತೆಯ ವಿಷಯ. ನಳಿಗೆಗೆ ಟ್ಯೂಬ್, ಮರ, ಉಕ್ಕಿನ ಪಟ್ಟಿ ಎಲ್ಲಾ ಕಟ್ಟಿ ಬಿಗಿದಿರುತ್ತೆ. ಸಾಲಾಗಿ ನಾಲ್ಕೈದು ಈಡು ಹೊಡೆದು ನಳಿಗೆ ಕಾದರೆ ಗುಂಡು ಬೀಳೋ ಜಾಗ ಸರಿಯುತ್ತೆ. ಸೊನ್ನೆ ಕೂರಿಸುವಾಗ ಮೂರು ಹೊಡೆದು ತಣಿಯಲು ಬಿಡಿ. 100 ಗಜಕ್ಕೆ ಗುಂಡುಗಳು 2–3 ಇಂಚಿನ ಗುಂಪಾಗಿ ಬಿದ್ದರೆ ರೈಫಲ್‌ನಲ್ಲಿ ದೋಷವಿಲ್ಲ, ಜಿಂಕೆಗೆ ಅಷ್ಟು ಧಾರಾಳ ಸಾಕು.

ಚೂಪು ಗುಂಡು ಬೇಕು, ಲಿವರೂ ಬೇಕು ಅನ್ನುವವರಿಗೆ ಟ್ಯೂಬ್ ಇಲ್ಲದವು ಇವೆ. ಸ್ಯಾವೇಜ್ 99ರಲ್ಲಿ ಸುತ್ತೋ ಮ್ಯಾಗಝಿನ್, ಬ್ರೌನಿಂಗ್ ಬಿಎಲ್‌ಆರ್‌ನಲ್ಲಿ ಕಳಚೋ ಪೆಟ್ಟಿಗೆ. ಸ್ಯಾವೇಜ್ ಈಗ ತಯಾರಾಗಲ್ಲ. ಬಿಎಲ್‌ಆರ್‌ನ ಲಿವರ್‌ಗೆ ಗಿಯರ್ ಇದೆ, ಒಳಗೆ ನೀವೇ ಬಿಚ್ಚೋಕೆ ಹೋಗಬೇಡಿ, ಹಲ್ಲಿನ ಜೋಡಣೆ ಒಂದು ತಪ್ಪಿದರೂ ಮತ್ತೆ ಕೂರಲ್ಲ.

ದಕ್ಷಿಣಧ್ರುವ:

ಮೆಲ್ಬರ್ನ್ ಕಡೆಯಿಂದ ಒಂದು ಸಾಲು ಸೇರಿಸ್ತೀನಿ. ಆಸ್ಟ್ರೇಲಿಯಾದಲ್ಲಿ 1996ರ ಕೋವಿ ನಿಯಂತ್ರಣ ಒಪ್ಪಂದದ ನಂತರ ಸೆಮಿ ಆಟೊ ಸಾಮಾನ್ಯ ಬೇಟೆಗಾರನ ಕೈಗೆ ಸಿಗಲ್ಲ, ಆದರೆ ಸೆಂಟರ್‌ಫೈರ್ ಲಿವರ್ ರೈಫಲ್ ಬೋಲ್ಟ್‌ನ ಜೊತೆಗೇ ಲೈಸೆನ್ಸ್‌ನ ಬಿ ವರ್ಗದಲ್ಲಿದೆ. ಬ್ರಿಟನ್‌ನಲ್ಲಿ 1997ರಲ್ಲಿ ಪಿಸ್ತೂಲು ನಿಷೇಧ ಆದಮೇಲೆ ಶೂಟಿಂಗ್ ಕ್ಲಬ್ಬುಗಳು .357 ಪಿಸ್ತೂಲು ತೋಟಾದ ಲಿವರ್ ಕಾರ್ಬೈನ್‌ಗೆ (ಗಿಡ್ಡ ರೈಫಲ್) ತಿರುಗಿದವು. ಕಾನೂನು ಮುಚ್ಚಿದ ಕಡೆಯೆಲ್ಲ ಲಿವರ್ ಬೆಳೆದಿದೆ. ಬರೀ ಅಮೆರಿಕದ ಕಥೆ ಅಂದ್ಕೋಬೇಡಿ.

ಹೊಸಬೇಟೆ:

ತುಂಬ ಉಪಯೋಗ ಆಯ್ತು. ನನ್ನ ಕಾಡಿನಲ್ಲಿ 80 ಗಜಕ್ಕಿಂತ ಮುಂದೆ ಕಾಣೋದೇ ಅಪರೂಪ, ಹಾಗಾಗಿ .30-30 ಸಾಕು ಅನ್ಸುತ್ತೆ. ಎರಡು ಅನುಮಾನ. ಹೊರಗೆ ಕಾಣೋ ಹ್ಯಾಮರ್ ಇರೋ ರೈಫಲನ್ನ ಸುರಕ್ಷಿತವಾಗಿ ಹೊರೋದು ಹೇಗೆ? ಹಳೇ ಮಾರ್ಲಿನ್ 336 ಅಥವಾ ಹಳೇ 94 ನೋಡುವಾಗ ಏನು ಪರೀಕ್ಷೆ ಮಾಡಬೇಕು?

ಅರಗೋಲು:

ಹ್ಯಾಮರ್ ಮೊದಲು, ಯಾಕಂದ್ರೆ ಬೋಲ್ಟ್‌ನಿಂದ ಬಂದವರು ಎಡವೋದು ಇಲ್ಲೇ.

ಹಳೇ ಮಾದರಿಗಳಲ್ಲಿ ಪ್ರತ್ಯೇಕ ಸೇಫ್ಟಿ ಇಲ್ಲ, ಇರೋದು ಹಾಫ್ ಕಾಕ್ ಮಾತ್ರ, ಅಂದರೆ ಹ್ಯಾಮರನ್ನ ಅರ್ಧಕ್ಕೆ ಹಿಡಿದು ನಿಲ್ಲಿಸೋ ಕಚ್ಚು. ಚೇಂಬರ್‌ನಲ್ಲಿ ತೋಟಾ ಇಟ್ಟು ನಡೆಯೋದಾದರೆ ಹ್ಯಾಮರ್ ಹಾಫ್ ಕಾಕ್‌ನಲ್ಲಿರಬೇಕು, ಪೂರ್ತಿ ಕೆಳಗೆ ಇಳಿದಿರಬಾರದು. ಪೂರ್ತಿ ಇಳಿದ ಹ್ಯಾಮರ್ ಫೈರಿಂಗ್ ಪಿನ್ ಮೇಲೆ ಕೂತಿರುತ್ತೆ, ರೈಫಲ್ ಬಿದ್ದು ಪೆಟ್ಟಾದರೆ ಗುಂಡು ಹಾರಬಹುದು. ಪೂರ್ತಿ ಕಾಕ್‌ನಿಂದ ಇಳಿಸೋದು ಹೀಗೆ: ನಳಿಗೆ ಸುರಕ್ಷಿತ ದಿಕ್ಕಿಗೆ, ಹೆಬ್ಬೆರಳಿನಿಂದ ಹ್ಯಾಮರನ್ನ ಗಟ್ಟಿಯಾಗಿ ತಡೆದು ಟ್ರಿಗರ್ ಒತ್ತಿ, ಹ್ಯಾಮರ್ ಕದಲಿದ ಕೂಡಲೇ ಟ್ರಿಗರ್ ಬಿಟ್ಟು ನಿಧಾನ ಇಳಿಸಿ, ಆಮೇಲೆ ಟಿಕ್ ಅನ್ನುವವರೆಗೆ ಹಿಂದಕ್ಕೆಳೆದು ಹಾಫ್ ಕಾಕ್‌ಗೆ ತನ್ನಿ. ಚಳಿಗೆ ಮರಗಟ್ಟಿದ ಬೆರಳು, ದಪ್ಪ ಗ್ಲೌಸ್ ಇದ್ದಾಗ ಇದನ್ನ ಮಾಡಲೇಬೇಡಿ, ಲಿವರ್ ತೆರೆದು ತೋಟಾ ಹೊರಗೆ ತೆಗೀರಿ. ಸ್ಕೋಪ್ ಹಾಕಿಸಿದರೆ ಹ್ಯಾಮರ್‌ನ ಮೇಲೆ ಬೆರಳಿಗೆ ಜಾಗ ಉಳಿಯಲ್ಲ. ಪಕ್ಕಕ್ಕೆ ಚಾಚೋ ಸಣ್ಣ ಎಕ್ಸ್‌ಟೆನ್ಷನ್ ಸಿಗುತ್ತೆ, ಅದನ್ನ ಸ್ಕೋಪ್ ಜೊತೆಗೇ ತಗೊಳ್ಳಿ. ಮನೆಯಲ್ಲಿ ಮದ್ದಿಲ್ಲದ ಡಮ್ಮಿ ತೋಟಾ ಹಾಕಿ ಕೈ ಕುದುರುವವರೆಗೆ ಅಭ್ಯಾಸ ಮಾಡಿ.

ತೋಟಾ ತುಂಬೋವಾಗ ಬಾಗಿಲು ಹೆಬ್ಬೆರಳು ಕಚ್ಚುತ್ತೆ ಅಂತ ದೂರೋರು ಬಹಳ. ಪ್ರತಿ ತೋಟಾವನ್ನೂ ಪೂರ್ತಿ ಒಳಗೆ ತಳ್ಳಬೇಡಿ. ತಳ ಸ್ವಲ್ಪ ಹೊರಗುಳಿದು ಬಾಗಿಲನ್ನ ತೆರೆದೇ ಹಿಡಿದಿರಲಿ, ಮುಂದಿನದರ ಮೂತಿಯಿಂದ ಅದನ್ನ ಒಳಗೆ ತಳ್ಳಿ. ಕೊನೆಯದನ್ನ ಮಾತ್ರ ಬೆರಳಿನಿಂದ.

ಇನ್ನು ಹಳೇದು. 94 ಆದರೆ ಸೀರಿಯಲ್ ನಂಬರ್ ನೋಡಿ. 27,00,000ಕ್ಕಿಂತ ಕೆಳಗಿದ್ದರೆ 1964ರ ಬದಲಾವಣೆಗೆ ಮುಂಚಿನದು, ಬೆಲೆ ಅದಕ್ಕೇ ಜಾಸ್ತಿ. ಆ ವರ್ಷ ಖರ್ಚು ಉಳಿಸೋಕೆ ತಗಡಿನ ಕ್ಯಾರಿಯರ್, ಟೊಳ್ಳು ಪಿನ್ನು ಹಾಕಿದರು. ನನ್ನ ಪ್ರಕಾರ ಆ ಕಾಲದವೂ ಗುಂಡು ಹಾರಿಸೋದರಲ್ಲಿ ಕಡಿಮೆ ಇಲ್ಲ, ನೋಟ ಮತ್ತು ಸ್ಪರ್ಶ ಮಾತ್ರ ಸಪ್ಪೆ. ಬೇಟೆಗೆ ಅಗ್ಗಕ್ಕೆ ಸಿಕ್ಕರೆ ಬಿಡಬೇಡಿ. 1982ಕ್ಕೆ ಮುಂಚಿನ 94 ಖಾಲಿ ಕೇಸನ್ನ ನೇರ ಮೇಲಕ್ಕೆ ಎಸೆಯುತ್ತೆ, ಆದ್ದರಿಂದ ರಿಸೀವರ್ ಮೇಲೆ ಸ್ಕೋಪ್ ಕೂರಲ್ಲ. ಸ್ಕೋಪ್ ಬೇಕೇ ಬೇಕು ಅಂದರೆ ಮಾರ್ಲಿನ್ ನೋಡಿ, ಅದರ ನೆತ್ತಿ ಗಟ್ಟಿ, ಕೇಸ್ ಪಕ್ಕಕ್ಕೆ ಹಾರುತ್ತೆ.

ಹಳೇ 94ರ ನಳಿಗೆಯ ಬಾಯಿಯನ್ನ ಟಾರ್ಚ್ ಹಿಡಿದು ನೋಡಿ. ಈ ರೈಫಲನ್ನ ಹಿಂದಿನಿಂದ ಸ್ವಚ್ಛ ಮಾಡೋಕೆ ಆಗಲ್ಲ, ಬಾಯಿಯಿಂದಲೇ ಕಡ್ಡಿ ಹಾಕಬೇಕು. ಐವತ್ತು ವರ್ಷ ಗೈಡ್ ಇಲ್ಲದೆ ಕಡ್ಡಿ ತೂರಿಸಿದ್ದರೆ ಬಾಯಿ ಅಂಡಾಕಾರಕ್ಕೆ ಸವೆದು ಗುಂಪು ಕೆಡುತ್ತೆ.

ಮಾರ್ಲಿನ್‌ನಲ್ಲಿ ನಳಿಗೆಯ ಎಡಬದಿ, ರಿಸೀವರ್ ಪಕ್ಕ ಜೆಎಂ ಅಂತ ಸಣ್ಣ ಮುದ್ರೆ ಇದ್ದರೆ ಹಳೇ ಕಾರ್ಖಾನೆಯ ಮಾಲು. ರೆಮಿಂಗ್ಟನ್ ಕೈಗೆ ಹೋದ ನಂತರದ ಮೊದಲ ವರ್ಷಗಳವು ಒರಟು ಅಂತ ಹೆಸರು ಕೆಡಿಸಿಕೊಂಡವು, ನೋಡದೆ ತಗೋಬೇಡಿ. ರೂಗರ್ ತಯಾರಿಸಿದವಕ್ಕೆ ಸೀರಿಯಲ್ ಆರ್‌ಎಂನಿಂದ ಶುರು, ಕೆಲಸ ಚೊಕ್ಕ.

ಆರು ಡಮ್ಮಿ ತೋಟಾ ಒಯ್ದು ಅಂಗಡಿಯವರ ಅನುಮತಿ ಕೇಳಿ ತುಂಬಿ, ಒಮ್ಮೆ ನಿಧಾನ, ಒಮ್ಮೆ ಜೋರಾಗಿ ಲಿವರ್ ಆಡಿಸಿ. ಮಾರ್ಲಿನ್‌ನಲ್ಲಿ ಅರ್ಧಕ್ಕೆ ಕಚ್ಚಿಕೊಂಡು ಲಿವರ್ ಅತ್ತಲೂ ಇಲ್ಲ ಇತ್ತಲೂ ಇಲ್ಲ ಆದರೆ ಅದು ಪ್ರಸಿದ್ಧ ಮಾರ್ಲಿನ್ ಜಾಮ್, ಹೆಚ್ಚಾಗಿ ಮಾರ್ಲಿನ್‌ನದೇ 1894 ಮಾದರಿಯಲ್ಲಿ. ಲಿವರ್‌ನ ಚೂಪು ಅಂಚು ಕ್ಯಾರಿಯರ್‌ನ ತಳವನ್ನ ಕೆತ್ತುತ್ತಾ ಹೋಗುತ್ತೆ, ಲೆಕ್ಕ ತಪ್ಪಿ ಎರಡನೇ ತೋಟಾದ ತಳ ಮುಂಚೆಯೇ ನುಸುಳುತ್ತೆ. ಗುರುತು ಸಣ್ಣದಿದ್ದರೆ ಲಿವರ್‌ನ ಅಂಚನ್ನ ಸಾಣೆಕಲ್ಲಿನಿಂದ ದುಂಡಗೆ ಮಾಡಿ ಹೊಳಪು ಕೊಟ್ಟರೆ ಸವೆತ ನಿಲ್ಲುತ್ತೆ. ಹಳ್ಳ ಆಳವಾಗಿದ್ದರೆ ಕ್ಯಾರಿಯರ್‌ಗೆ ಬೆಸುಗೆ ತುಂಬಿಸಬೇಕು ಇಲ್ಲಾ ಬದಲಿಸಬೇಕು, ಅದು ಗನ್‌ಸ್ಮಿತ್ ಕೆಲಸ.

ಆದರೆ ಜಾಮ್ ಅಂತ ತರೋ ಹತ್ತು ರೈಫಲ್‌ಗಳಲ್ಲಿ ಬಹುಪಾಲು ರೈಫಲ್‌ದಲ್ಲ, ಕೈಯದ್ದು. ಲಿವರನ್ನ ಪೂರ್ತಿ ಕೊನೆಗೆ ಒಯ್ಯದೆ ಅರ್ಧಕ್ಕೇ ವಾಪಸ್ ಎಳೆದರೆ ಕ್ಯಾರಿಯರ್ ಏಳಲ್ಲ, ಖಾಲಿ ಚೇಂಬರ್ ಮೇಲೆ ಹ್ಯಾಮರ್ ಬೀಳುತ್ತೆ. ಮೆಲ್ಲಗೆ ಮುದ್ದು ಮಾಡ್ತಾ ಎಳೆಯೋ ಯಂತ್ರ ಇದಲ್ಲ, ಬಲವಾಗಿ ಕೊನೆಮುಟ್ಟ ಒಯ್ಯಿರಿ.

ಜಮ್ಮಾಕೋವಿ:

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಕೊಡಗಿನಲ್ಲಿ ನಮಗೆ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ, ಇಂಥದ್ದೊಂದು ತರಿಸಬಹುದಾ?

ಮಿಲಿಮೀಟರ್:

ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ 2029ರವರೆಗೆ ಇದೆ, ಆದರೆ ಅದು ಲೈಸೆನ್ಸ್‌ಗೆ ಮಾತ್ರ. ವಿದೇಶಿ ಕೋವಿಯನ್ನ ಸಾಮಾನ್ಯರು ಆಮದು ಮಾಡೋ ದಾರಿ ಮುಚ್ಚಿದೆ. ಬೇಟೆಗಂತೂ 1972ರ ವನ್ಯಜೀವಿ ಕಾಯ್ದೆಯ ತಡೆ ಇದೆ. ಭಾರತದ ಸರ್ಕಾರಿ ಕಾರ್ಖಾನೆಯ .315 ರೈಫಲ್ ಲಿವರ್ ಅಲ್ಲ, ಬೋಲ್ಟ್ ಆಕ್ಷನ್.

ಅಮೆರಿಕದಲ್ಲಿರೋ ಬೇರೆ ಓದುಗರಿಗೂ ಒಂದು ಮಾತು: ಎಚ್‌-1ಬಿ ಥರದ ವೀಸಾದಲ್ಲಿದ್ದರೆ ಕೋವಿ ಕೊಳ್ಳೋದಿರಲಿ, ಕೈಯಲ್ಲಿ ಇಟ್ಟುಕೊಳ್ಳೋದೂ ಫೆಡರಲ್ ಕಾನೂನಿನಲ್ಲಿ ಅಪರಾಧ. ಚಾಲ್ತಿಯಲ್ಲಿರೋ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಗ್ರೀನ್ ಕಾರ್ಡ್‌ದಾರರಿಗೆ ಈ ತೊಡಕಿಲ್ಲ.

ಹೊಸಬೇಟೆ:

ಗ್ರೀನ್ ಕಾರ್ಡ್ ಇದೆ, ತೊಂದರೆ ಇಲ್ಲ. 336 ಅಂತ ತೀರ್ಮಾನಿಸಿದೆ. ಕೊನೇ ಪ್ರಶ್ನೆ, ಇದನ್ನ ಹಿಂದಿನಿಂದ ಸ್ವಚ್ಛ ಮಾಡಬಹುದು ಅಂತಾರಲ್ಲ, ಹೇಗೆ?

ಅರಗೋಲು:

ಹೌದು, 336ರ ದೊಡ್ಡ ಅನುಕೂಲ ಅದು. ಟ್ಯೂಬ್, ಚೇಂಬರ್ ಎರಡೂ ಖಾಲಿ ಅಂತ ಕಣ್ಣಿಂದಲೂ ಬೆರಳಿಂದಲೂ ಖಚಿತ ಮಾಡಿಕೊಳ್ಳಿ. ಲಿವರ್ ಅರ್ಧ ತೆರೆದು ಅದರ ತಿರುಗು ಸ್ಕ್ರೂ ಬಿಚ್ಚಿ. ಸ್ಕ್ರೂಡ್ರೈವರ್ ಗನ್‌ಸ್ಮಿತ್ ಮಾದರಿಯದೇ ಇರಲಿ, ಮನೆಯ ಬೆಣೆಯಾಕಾರದ್ದು ಸ್ಕ್ರೂ ತಲೆಯ ಸೀಳನ್ನ ಹರಿದು ಹಾಕುತ್ತೆ. ಲಿವರ್ ಕೆಳಕ್ಕೆ ಬರುತ್ತೆ, ಬೋಲ್ಟ್ ಹಿಂದಕ್ಕೆ ಜಾರಿ ಹೊರಬರುತ್ತೆ. ಆಗ ರಿಸೀವರ್‌ನ ಎಡಗೋಡೆಯಿಂದ ಎಜೆಕ್ಟರ್ (ಖಾಲಿ ಕೇಸನ್ನ ಹೊರಗೆಸೆಯೋ ಸಣ್ಣ ಭಾಗ) ಕಳಚಿ ಬೀಳುತ್ತೆ. ಕಳೆದುಹೋಗೋ ಭಾಗ ಅದೊಂದೇ, ಬಿಳಿ ಬಟ್ಟೆ ಹಾಸಿಕೊಂಡು ಕೂರಿ.

ಜೋಡಿಸುವಾಗ ಎಜೆಕ್ಟರ್ ಮೊದಲು ಅದರ ತೂತಿಗೆ. ಬೋಲ್ಟ್‌ನ ಎಡಬದಿಯ ಉದ್ದ ಸೀಳಿಗೆ ಅದು ಸೇರೋ ಹಾಗೆ ಬೋಲ್ಟ್ ತೂರಿಸಿ, ಪೂರ್ತಿ ಮುಚ್ಚದೆ ಒಂದಿಂಚು ಬಿಡಿ. ಲಿವರ್‌ನ ತುದಿ ಬೋಲ್ಟ್‌ನ ಸೀಳಿಗೆ ಸಿಕ್ಕಿದ ಮೇಲೆ ಸ್ಕ್ರೂ ಹಾಕಿ. ಬೋಲ್ಟ್ ಮುಂದಕ್ಕೆ ಹೋಗದೆ ತಡೆದರೆ ಎಜೆಕ್ಟರ್ ಜಾರಿದೆ ಅಂತ ಅರ್ಥ, ಬಲ ಹಾಕಬೇಡಿ.

ಎಣ್ಣೆ ಬೋಲ್ಟ್‌ನ ಬದಿಗೆ, ಲಿವರ್‌ನ ತಿರುಗಣೆಗೆ ಒಂದೊಂದು ಹನಿ ಸಾಕು. ಟ್ಯೂಬ್ ಒಳಗೆ ಬೇಡ, ಅಲ್ಲಿ ಕೊಳೆ ಕಟ್ಟುತ್ತೆ, ಪ್ರೈಮರ್‌ಗೂ ಇಳಿಯಬಹುದು. ನಿಮ್ಮಲ್ಲಿ ರೈಫಲ್ ಸೀಸನ್ ನವೆಂಬರ್ ಕೊನೆಗೆ ತಾನೆ? ಅದಕ್ಕೆ ಮುಂಚೆ ದಪ್ಪ ಎಣ್ಣೆ ಇದ್ದರೆ ಪೂರ್ತಿ ಒರೆಸಿ ತೆಳು ಎಣ್ಣೆ ಹಾಕಿ. ಹಿಮ ಬೀಳೋ ಬೆಳಗ್ಗೆ ಗಟ್ಟಿಯಾದ ಎಣ್ಣೆಯಲ್ಲಿ ಹ್ಯಾಮರ್ ಮಂದವಾಗಿ ಬಿದ್ದು ಪ್ರೈಮರ್ ಹೊತ್ತಿಕೊಳ್ಳದಿರೋದು ಸಾಮಾನ್ಯ ದೂರು. ಮೊದಲ ಪೆಟ್ಟಿಗೆ ತೋಟಾ ಮುಗಿದ ಮೇಲೆ ಎಲ್ಲ ಸ್ಕ್ರೂಗಳನ್ನೂ ಒಮ್ಮೆ ನೋಡಿ, ಹೊಸದರಲ್ಲಿ ಒದೆತಕ್ಕೆ ಸಡಿಲ ಆಗುತ್ತವೆ. ಪದೇ ಪದೇ ಸಡಿಲವಾದರೆ ಸ್ಕ್ರೂ ಹಿಡಿದಿಡೋ ಅಂಟು ನೀಲಿ ಲಾಕ್‌ಟೈಟ್ ಹಾಕಿ, ಕೆಂಪು ಬೇಡ.