ರ‍್ಯಾಂಚರ್ 350: ಚೋಕ್ ತೆಗೆದರೆ ಆಫ್, ಏರಿನಲ್ಲಿ ಮುಗ್ಗರಿಕೆ, ಗೇರ್ ಹಾಕಿದರೆ ಜಿಗಿತ

ಮಲೆಗಾಲಿ:
ಸೆಕೆಂಡ್ ಹ್ಯಾಂಡ್ ಹೋಂಡಾ ಟಿಆರ್‌ಎಕ್ಸ್ 350 ರ‍್ಯಾಂಚರ್, 2003ರ ಮಾಡೆಲ್ ಎಟಿವಿ (ಕಚ್ಚಾ ದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ), ಫೋರ್ ವೀಲ್ ಡ್ರೈವ್, ಕಾಲಿನ ಗೇರ್. ಬಹಳ ಕಾಲ ಶೆಡ್ಡಿನಲ್ಲೇ ನಿಂತಿದ್ದ ಗಾಡಿ. ಚೋಕ್ ಹಾಕಿದರೆ ಒಂದೇ ಸಲಕ್ಕೆ ಸ್ಟಾರ್ಟ್, ತೆಗೆದರೆ ಆಫ್. ಐಡಲ್ (ಥ್ರಾಟಲ್ ಮುಟ್ಟದಾಗಿನ ಓಟ) ಸ್ಕ್ರೂ ತಿರುಗಿಸಿ ರೇಸ್ ಏರಿಸಿದ ಮೇಲೆ ನಿಲ್ಲುತ್ತಿದೆ, ಆದರೆ ನ್ಯೂಟ್ರಲ್‌ನಿಂದ ಫಸ್ಟಿಗೆ ಹಾಕಿದರೆ ಮುಂದಕ್ಕೆ ಜಿಗಿಯುತ್ತದೆ. ಉದ್ದನೆಯ ಏರಿನಲ್ಲಿ ಅರ್ಧ ಥ್ರಾಟಲ್‌ಗೆ ಉಸಿರು ಕಟ್ಟುತ್ತದೆ. ನೀರು ದಾಟಿದ ಮೇಲೆ ಬ್ರೇಕ್ ಹಿಡಿದರೆ ಬಲಕ್ಕೆ ಎಳೆತ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಇಂಥ ಗಾಡಿ ಓಡಿಸುವ ಹ್ಯಾಟ್‌ಫೀಲ್ಡ್–ಮೆಕಾಯ್ ಟ್ರೇಲ್‌ಗೆ ಒಯ್ಯಬೇಕು. ಕ್ಲಚ್ ಬದಲಿಸಬೇಕೇ?

ಹದಿನಾಲ್ಕರ ಪಾನ:
ಕ್ಲಚ್ ಬದಲಿಸಬೇಡಿ ಸರ್. ಇದರಲ್ಲಿರುವುದು ಸೆಂಟ್ರಿಫ್ಯೂಗಲ್ ಕ್ಲಚ್, ರೇಸ್ ಏರಿದಂತೆ ತಾನೇ ಹಿಡಿಯುತ್ತದೆ. ಐಡಲ್ ಸುಮಾರು 1400 ಆರ್‌ಪಿಎಂ ಇರಬೇಕು. ನೀವು ಅದನ್ನು ಏರಿಸಿದ್ದರಿಂದ ಗೇರ್ ಬೀಳುವಾಗಲೇ ಕ್ಲಚ್ ಅರೆಬರೆ ಕಚ್ಚಿಕೊಂಡಿರುತ್ತದೆ, ಅದಕ್ಕೇ ಜಿಗಿತ. ಮೂಲ ರೋಗ ಕಾರ್ಬುರೇಟರಿನಲ್ಲಿದೆ. ಚೋಕ್ ಇದ್ದಾಗ ಮಾತ್ರ ಓಡುತ್ತದೆ ಅಂದರೆ ಐಡಲ್ ದಾರಿಯಲ್ಲಿ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲೋ ಹೆಚ್ಚುವರಿ ಗಾಳಿ ನುಗ್ಗುತ್ತಿದೆ.

ಮೊದಲು ಗಾಳಿ ನೋಡಿ. ಎಂಜಿನ್ ಓಡುತ್ತಿರುವಾಗ ಕಾರ್ಬುರೇಟರಿಗೂ ಹೆಡ್ಡಿಗೂ ನಡುವಿನ ರಬ್ಬರಿನ ಸುತ್ತ ಸ್ಪ್ರೇ ಬಾಟಲಿಯಿಂದ ನೀರು ಹೊಡೆಯಿರಿ. ಸದ್ದು ಬದಲಾದರೆ ಅಲ್ಲೇ ಲೀಕ್. ಕಾರ್ಬ್ ಕ್ಲೀನರ್ ಹೊಡೆದು ನೋಡಿ ಎನ್ನುವವರಿದ್ದಾರೆ, ಬಿಸಿ ಎಂಜಿನ್ ಮೇಲೆ ಅದು ಬೆಂಕಿಗೆ ದಾರಿ.

ಲೀಕ್ ಇಲ್ಲವಾದರೆ ಎಂಜಿನ್ ಆರಿದ ಮೇಲೆ ಪೆಟ್ರೋಲ್ ಕಾಕ್ ಮುಚ್ಚಿ, ಫ್ಲೋಟ್ ಬೌಲಿನ (ಕಾರ್ಬುರೇಟರಿನ ತಳದ ಪೆಟ್ರೋಲ್ ಬಟ್ಟಲಿನ) ಡ್ರೈನ್ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿಗೆ ಇಳಿಸಿ. ತಳದಲ್ಲಿ ಗುಂಡು ಗುಂಡಾಗಿ ಹೊರಳುವುದು ನೀರು. ಅಮೆರಿಕದ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ 10% ಎಥೆನಾಲ್ ಇರುತ್ತದೆ. ಅದು ತೇವ ಎಳೆದುಕೊಳ್ಳುತ್ತದೆ, ನಿಂತ ಗಾಡಿಯಲ್ಲಿ ಒಣಗಿ ಅಂಟಾಗುವ ಪೆಟ್ರೋಲ್ ಸ್ಲೋ ಜೆಟ್ಟಿನ (ಐಡಲ್‌ಗೆ ಪೆಟ್ರೋಲ್ ಕೊಡುವ ಸಣ್ಣ ನಳಿಕೆಯ) ತೂತು ಮುಚ್ಚುತ್ತದೆ.

ಕಾರ್ಬುರೇಟರ್ ಬಿಚ್ಚುವಾಗ ಮೇಲಿನ ರಬ್ಬರ್ ಡಯಾಫ್ರಾಮ್ ಮೊದಲು ತೆಗೆದಿಡಿ, ಕ್ಲೀನರ್ ತಾಗಿದರೆ ಉಬ್ಬುತ್ತದೆ. ಬೆಳಕಿಗೆ ಹಿಡಿದು ಸಣ್ಣ ಬಿರುಕು ಇದೆಯೇ ನೋಡಿ. ಪೈಲಟ್ ಸ್ಕ್ರೂವನ್ನು (ಐಡಲ್ ಮಿಶ್ರಣ ಹೊಂದಿಸುವ ಸ್ಕ್ರೂ) ಮೆಲ್ಲಗೆ ತಳಮುಟ್ಟುವವರೆಗೆ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತು ಹೋಯಿತೆಂದು ಬರೆದಿಟ್ಟು ನಂತರ ಹೊರತೆಗೆಯಿರಿ. ಅದರ ಹಿಂದೆ ಸ್ಪ್ರಿಂಗ್, ವಾಷರ್, ಸಾಸಿವೆಗಿಂತ ಸ್ವಲ್ಪ ದೊಡ್ಡ ಓ-ರಿಂಗ್ ಇರುತ್ತವೆ. ಓ-ರಿಂಗ್ ಒಳಗೇ ಅಂಟಿಕೊಂಡಿದ್ದರೆ ಗಾಳಿ ಹೊಡೆದಾಗ ಹಾರಿಹೋಗುತ್ತದೆ. ಸ್ಲೋ ಜೆಟ್ಟಿನ ತೂತಿನಲ್ಲಿ ಬೆಳಕು ದುಂಡಗೆ ಕಾಣಬೇಕು. ವೈರಿನ ಒಂದೇ ತಾಮ್ರದ ಎಳೆಯಿಂದ ಬಿಡಿಸಿ. ಉಕ್ಕಿನ ಪಿನ್ ಹಾಕಿದರೆ ತೂತು ಅಗಲವಾಗಿ ಜೆಟ್ಟೇ ಹಾಳು.

ಎಣ್ಣೆಕೈ:
ಇಷ್ಟೆಲ್ಲ ಯಾಕೆ, ಆನ್‌ಲೈನಿನಲ್ಲಿ ಅಗ್ಗದ ಕಾರ್ಬುರೇಟರ್ ಸಿಗುತ್ತದಲ್ಲ?

ಹದಿನಾಲ್ಕರ ಪಾನ:
ಸಿಗುತ್ತದೆ. ಆದರೆ ಒಳಗಿನ ಜೆಟ್ ಅಳತೆ ಈ ಎಂಜಿನ್‌ಗೆ ಹೊಂದುತ್ತದೆ ಎಂಬ ಖಾತ್ರಿ ಇರುವುದಿಲ್ಲ. ಬಾಡಿ ಒಡೆಯದಿದ್ದರೆ ಮೂಲ ಕೇಹಿನ್ ಕಂಪನಿಯ ಕಾರ್ಬುರೇಟರನ್ನೇ ಉಳಿಸಿಕೊಳ್ಳಿ, ಗ್ಯಾಸ್ಕೆಟ್, ಓ-ರಿಂಗ್ ಮಾತ್ರ ಹೊಸದು.

ಮಲೆಗಾಲಿ:
ಬೌಲಿನಲ್ಲಿ ನೀರಿತ್ತು, ಸ್ಲೋ ಜೆಟ್ ಪೂರ್ತಿ ಮುಚ್ಚಿತ್ತು. ಈಗ ಚೋಕ್ ಇಲ್ಲದೆ 1400ರಲ್ಲಿ ನಿಲ್ಲುತ್ತದೆ. ಜಿಗಿತ ಬಹುಪಾಲು ಹೋಯಿತು, ಸ್ವಲ್ಪ ಉಳಿದಿದೆ. ಏರಿನ ತೊಂದರೆ ಹಾಗೇ ಇದೆ.

ಎಣ್ಣೆಕೈ:
ಏರಿನಲ್ಲಿ ಉಸಿರು ಕಟ್ಟಿದ ತಕ್ಷಣ ಗಾಡಿ ಭದ್ರವಾಗಿ ನಿಲ್ಲಿಸಿ ಟ್ಯಾಂಕಿನ ಮುಚ್ಚಳ ತೆರೆಯಿರಿ. 'ಸುಂಯ್' ಎಂದು ಗಾಳಿ ಒಳಗೆಳೆದುಕೊಂಡು ಮತ್ತೆ ಸರಿಯಾಗಿ ಓಡಿದರೆ ಮುಚ್ಚಳದ ಗಾಳಿ ಪೈಪು ಕಟ್ಟಿದೆ. ಕೆಸರು ಇಲ್ಲವೇ ಹುಳದ ಗೂಡು ಇರುತ್ತದೆ. ಸದ್ದಿಲ್ಲದಿದ್ದರೆ ಪೆಟ್ರೋಲ್ ಕಾಕಿನ ಜಾಲರಿ ನೋಡಿ. ಏರ್ ಫಿಲ್ಟರ್ ಡಬ್ಬಿ ತೆರೆದು ಇಲಿಗೂಡೂ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಡಬ್ಬಿಯ ಮುಚ್ಚಳವಿಲ್ಲದೆ ಓಡಿಸಬೇಡಿ, ಮಿಶ್ರಣ ತೆಳುವಾಗುತ್ತದೆ.

ಉಳಿದ ಜಿಗಿತಕ್ಕೆ ಎಂಜಿನ್ ಆಫ್ ಮಾಡಿ ಕ್ಲಚ್ ಅಡ್ಜಸ್ಟ್ ಮಾಡಿ: ಲಾಕ್ ನಟ್ ಸಡಿಲಿಸಿ, ಸ್ಕ್ರೂವನ್ನು ಎಡಕ್ಕೆ ತಿರುಗಿಸುತ್ತ ಕೈಗೆ ತುಸು ಬಿಗಿ ಸಿಕ್ಕಲ್ಲಿ ನಿಲ್ಲಿಸಿ, ಅಲ್ಲಿಂದ ಬಲಕ್ಕೆ ಕಾಲು ಸುತ್ತು. ಸ್ಕ್ರೂ ಅಲುಗದಂತೆ ಹಿಡಿದು ನಟ್ ಬಿಗಿಮಾಡಿ. ಆಯಿಲ್ ಜೆಎಎಸ್‌ಒ ಎಂಎ ಗುರುತಿನದೇ ಇರಲಿ. ಕ್ಲಚ್ ಆಯಿಲಿನಲ್ಲೇ ಮುಳುಗಿರುವುದರಿಂದ ಕಾರಿನ ಜಾರು ಆಯಿಲ್ ಹಾಕಿದರೆ ಸ್ಲಿಪ್ ಆಗುತ್ತದೆ. ಹಾಗೇ ಟ್ಯಾಪೆಟ್ (ವಾಲ್ವಿನ ಸಂದು) ನೋಡಿಬಿಡಿ. ತಣ್ಣಗಿರುವ ಎಂಜಿನ್‌ನಲ್ಲಿ ಎರಡೂ ವಾಲ್ವ್‌ಗೆ 0.15 ಮಿ.ಮೀ.

ಹದಿನಾಲ್ಕರ ಪಾನ:
ಬ್ರೇಕ್ ವಿಷಯ ಯಾರೂ ಮುಟ್ಟಲಿಲ್ಲ. ಕಡಿದಾದ ಇಳಿಜಾರಿಗೆ ಹೋಗುವ ಗಾಡಿಗೆ ಅದೇ ಮುಖ್ಯ. ಈ ಮಾಡೆಲಿಗೆ ಮುಂದೆ ಹೈಡ್ರಾಲಿಕ್ ಡ್ರಮ್. ಡ್ರಮ್ಮಿನ ಅಂಚಿನ ರಬ್ಬರ್ ಸೀಲ್ ಸವೆದರೆ ಕೆಸರು ನೀರು ಒಳಸೇರಿ ಹೊರಬರುವುದಿಲ್ಲ, ವೀಲ್ ಸಿಲಿಂಡರಿನ ಪಿಸ್ಟನ್ ತುಕ್ಕು ಹಿಡಿದು ಒಂದು ಚಕ್ರ ಮಾತ್ರ ಹಿಡಿಯುತ್ತದೆ. ನಿಮಗೆ ಬಲಕ್ಕೆ ಎಳೆಯುತ್ತಿದೆ, ಹಾಗಾಗಿ ಎಡ ಡ್ರಮ್ ಮೊದಲು ಬಿಚ್ಚಿ. ಬ್ರೇಕ್ ಶೂ ಮೇಲೆ ಬ್ರೇಕ್ ಆಯಿಲ್ ಇಳಿದಿದ್ದರೆ ಎರಡೂ ಕಡೆಯ ಶೂ ಬದಲಿಸಿ. ಹೊಸ ಸೀಲಿನ ತುಟಿಗೆ ಗ್ರೀಸ್ ತುಂಬಿ, ಹಬ್ ನಟ್ಟಿಗೆ ಹೊಸ ಕಾಟರ್ ಪಿನ್ ಹಾಕಿ, ಕೊನೆಗೆ ಲೈನಿನ ಗಾಳಿ ತೆಗೆಯಿರಿ.

ಟೈರ್ ಗಾಳಿ ಫೆಂಡರಿನ ಸ್ಟಿಕ್ಕರ್‌ನಲ್ಲಿದ್ದಷ್ಟೇ. 5 ಪಿಎಸ್‌ಐಗಿಂತ ಕಡಿಮೆಯ ಲೆಕ್ಕವನ್ನು ಕಾರಿನ ಗೇಜ್ ಸರಿಯಾಗಿ ತೋರಿಸುವುದಿಲ್ಲ, ಕಡಿಮೆ ಒತ್ತಡದ ಗೇಜ್ ಬೇಕು. ಆ ಟ್ರೇಲ್‌ಗಳಲ್ಲಿ ತಲೆಗೊಂದು ಪರ್ಮಿಟ್, ಹೆಲ್ಮೆಟ್ ಕಡ್ಡಾಯ. ರ‍್ಯಾಂಚರ್ ಒಬ್ಬರ ಗಾಡಿ, ಹಿಂದೆ ಯಾರನ್ನೂ ಕೂರಿಸುವ ಹಾಗಿಲ್ಲ.

ಮಲೆಗಾಲಿ:
ಮುಚ್ಚಳ ತೆರೆದಾಗ ಸುಂಯ್ ಎಂದಿತು, ಪೈಪಿನೊಳಗೆ ಒಣಗಿದ ಮಣ್ಣು. ಈಗ ಏರು ಸಲೀಸು. ಎಡ ಸಿಲಿಂಡರ್ ನೀವು ಹೇಳಿದ ಹಾಗೆಯೇ ಜಾಮ್ ಆಗಿದೆ, ಪಾರ್ಟ್ಸ್ ಆರ್ಡರ್ ಮಾಡಿದ್ದೇನೆ.