ಒಂದೇ ಸಲದ ಏಂಜೆಲ್ ಮೀನಿನ ಮರಿಗಳು: ಕೆಲವು ಬೆಳೆದವು, ಕೆಲವು ನಿಂತೇಬಿಟ್ಟವು. ಯಾಕೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಏಂಜೆಲ್ ಜೋಡಿ ಮೊದಲ ಸಲ ಮೊಟ್ಟೆ ತಿನ್ನದೆ ಉಳಿಸಿಕೊಂಡಿದೆ. ಮರಿಗಳಿಗೆ ಈಗ ಎಂಟು ವಾರ. ಎಣಿಸಿದಾಗ 70 ಚಿಲ್ಲರೆ ಇದ್ದವು. 60 ಲೀಟರ್ ಟ್ಯಾಂಕ್, ಒಂದು ಸ್ಪಂಜ್ ಫಿಲ್ಟರ್, ನೀರು 25 ಡಿಗ್ರಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸುತ್ತೇನೆ. ಬೆಳಿಗ್ಗೆ, ಸಂಜೆ ಪುಡಿ ಆಹಾರ ಹಾಕುತ್ತೇನೆ.

ಮೊದಲ ನಾಲ್ಕೈದು ವಾರ ದಿನಕ್ಕೊಂದು ರೂಪ ಅನ್ನುವ ಹಾಗೆ ಬೆಳೆದವು. ಆಮೇಲೆ ಏನಾಯಿತೋ ಗೊತ್ತಿಲ್ಲ. ಹತ್ತು ಹದಿನೈದು ಮರಿಗಳು ಹೆಬ್ಬೆರಳಿನ ಉಗುರಿಗಿಂತ ದೊಡ್ಡದಾಗಿವೆ, ಉದ್ದ ರೆಕ್ಕೆ ಬಂದಿದೆ. ಉಳಿದವು ಕಿರುಬೆರಳಿನ ಉಗುರಿನಷ್ಟೇ ಇವೆ. ಮೂರು ವಾರದಿಂದ ಹಾಗೇ ಇವೆ. ಸಾಯುತ್ತಿಲ್ಲ, ತಿನ್ನುತ್ತವೆ, ಆದರೆ ಬೆಳೆಯುತ್ತಿಲ್ಲ. ಒಂದೇ ತಾಯಿ, ಒಂದೇ ದಿನದ ಮೊಟ್ಟೆ, ಒಂದೇ ನೀರು. ಟ್ಯಾಂಕ್ ಚಿಕ್ಕದಾದರೆ ಮೀನೂ ಅದಕ್ಕೆ ತಕ್ಕ ಹಾಗೆ ಚಿಕ್ಕದಾಗೇ ಉಳಿಯುತ್ತದೆ ಅಂತಾರಲ್ಲ, ಇದು ಅದೇನಾ? ದಿನಾ ನೋಡ್ತಾ ನೋಡ್ತಾ ಬೇಜಾರಾಗುತ್ತಿದೆ.

ಉತ್ತರ 1

25 ಡಿಗ್ರಿ ಏಂಜೆಲ್ ಮರಿಗೆ ಸ್ವಲ್ಪ ತಂಪು. ಮೀನಿಗೆ ಮೈಯ ಶಾಖ ನೀರಿನಿಂದಲೇ ಬರಬೇಕು. ನೀರು ತಣ್ಣಗಿದ್ದರೆ ಜೀರ್ಣವಾಗುವುದೂ ನಿಧಾನ, ಹಸಿವೂ ಕಡಿಮೆ. ದಿನಕ್ಕೆ ಅರ್ಧ ಡಿಗ್ರಿಯಂತೆ ಏರಿಸಿ 27–28ಕ್ಕೆ ತನ್ನಿ. ಅದಕ್ಕೂ ಮೊದಲು ಮೀನಿನ ಕೊಳೆಯಿಂದ ಬರುವ ಅಮೋನಿಯ, ಅದನ್ನು ಬ್ಯಾಕ್ಟೀರಿಯ ಬದಲಾಯಿಸಿದಾಗ ಆಗುವ ನೈಟ್ರೈಟ್, ನೈಟ್ರೇಟ್, ಜೊತೆಗೆ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಎಲ್ಲ ಅಳೆದು ಇಲ್ಲಿ ಹಾಕಿ. ಅದು ಗೊತ್ತಿಲ್ಲದೆ ಯಾರು ಏನು ಹೇಳಿದರೂ ಊಹೆಯೇ.

ಪ್ರಶ್ನೆ ಕೇಳಿದವರು

ಈಗ ತಾನೇ ಅಳೆದೆ. ಕಿಟ್‌ನಲ್ಲಿ, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ, ಅಮೋನಿಯ 0.25, ನೈಟ್ರೈಟ್ ಸೊನ್ನೆ, ನೈಟ್ರೇಟ್ 80ರ ಹತ್ತಿರದ ಬಣ್ಣ. ಟ್ಯಾಂಕಿನ ಪಿಎಚ್ 6.4. ನಲ್ಲಿ ನೀರಿನ ಪಿಎಚ್ 7.6, ಅದರಲ್ಲಿ ನೈಟ್ರೇಟ್ ಇಲ್ಲ. ನೀರು ಮಾತ್ರ ಗಾಜಿನ ಹಾಗೆ ತಿಳಿಯಾಗಿದೆ, ಅದಕ್ಕೇ ನನಗೆ ಅನುಮಾನವೇ ಬಂದಿರಲಿಲ್ಲ.

ಉತ್ತರ 2

ನಿಮ್ಮ ಕಾರಣ ಆ 80ರಲ್ಲಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನನ್ನ ಎರಡನೇ ಬ್ಯಾಚಿನಲ್ಲಿ ನನಗೂ ಹೀಗೇ ಆಗಿತ್ತು. ಕಾರಣ ಹುಡುಕುವಷ್ಟರಲ್ಲಿ ಎರಡು ತಿಂಗಳು ಹೋಗಿತ್ತು.

ಮರಿಯ ಉದ್ದ ಎರಡು ಪಟ್ಟಾದರೆ ಅದರ ತೂಕ ಎರಡು ಪಟ್ಟಲ್ಲ, ಸುಮಾರು ಎಂಟು ಪಟ್ಟಾಗುತ್ತದೆ. ಉದ್ದ, ಎತ್ತರ, ದಪ್ಪ ಮೂರೂ ಬೆಳೆಯುತ್ತವೆ ಅಲ್ವಾ. ತೂಕ ಏರಿದ ಹಾಗೆ ತಿನ್ನುವುದು ಜಾಸ್ತಿ, ಉಸಿರಾಟ ಜಾಸ್ತಿ, ಹೊರಗೆ ಬಿಡುವ ಕೊಳೆಯೂ ಜಾಸ್ತಿ. ಮೂರನೇ ವಾರದಲ್ಲಿ ಆ 70 ಮರಿಗಳಿಗೆ ನಿಮ್ಮ 60 ಲೀಟರ್ ಒಂದು ಕೆರೆ ಇದ್ದ ಹಾಗೆ. ವಾರಕ್ಕೆ ಕಾಲು ಭಾಗ ನೀರು ಸಾಕಾಗಿತ್ತು. ಮರಿಗಳು ಬೆಳೆದವು, ನೀರಿನ ಲೆಕ್ಕ ಮಾತ್ರ ಮೂರನೇ ವಾರದಲ್ಲೇ ಉಳಿಯಿತು.

ನೈಟ್ರೇಟ್ 80ಕ್ಕೆ ಹೇಗೆ ಹೋಯಿತು ನೋಡಿ. ವಾರಕ್ಕೆ 20 ಏರುತ್ತದೆ ಅಂತಿಟ್ಟುಕೊಳ್ಳಿ. ಕಾಲು ಭಾಗ ನೀರು ತೆಗೆದರೆ ಇರುವ ನೈಟ್ರೇಟಿನಲ್ಲಿ ಕಾಲು ಭಾಗ ಮಾತ್ರ ಹೋಗುತ್ತದೆ. 20 ಹೋಗಬೇಕೆಂದರೆ ಒಳಗೆ 80 ಇರಲೇಬೇಕು. ಹಾಗಾಗಿ 80 ಮುಟ್ಟುವ ತನಕ ಅದು ಏರುತ್ತಲೇ ಇರುತ್ತದೆ. ವಾರಕ್ಕೆ ಅರ್ಧ ತೆಗೆದಿದ್ದರೆ 40ಕ್ಕೆ ನಿಲ್ಲುತ್ತಿತ್ತು. ದಿನಾ ಮೂರನೇ ಒಂದು ಭಾಗ ತೆಗೆದರೆ 10 ದಾಟುವುದಿಲ್ಲ. ಮರಿ ನಿಲ್ಲಲು ನೈಟ್ರೇಟ್ ಒಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಅದು ನಮ್ಮ ಕೈಗೆ ಸಿಗುವ ಅಳತೆಗೋಲು. ಅದು ಏರಿದೆ ಅಂದರೆ ನಮ್ಮ ಕಿಟ್‌ನಲ್ಲಿ ಅಳೆಯಲಾಗದ ಎಷ್ಟೋ ಕೊಳೆ ಜೊತೆಗೇ ಏರಿದೆ ಅಂತ ಅರ್ಥ. ಕಣ್ಣಿಗೆ ತಿಳಿಯಾಗಿ ಕಂಡರೆ ಏನೂ ಆಗಲಿಲ್ಲ. ಅಮೋನಿಯಕ್ಕೂ ಬಣ್ಣವಿಲ್ಲ, ನೈಟ್ರೇಟಿಗೂ ಇಲ್ಲ.

ನಾನು ಆಗ ಮಾಡಿದ್ದು ಹೇಳುತ್ತೇನೆ. ಒಂದೇ ಅಳತೆ ಇದ್ದ 40 ಮರಿ ಆರಿಸಿದೆ. 20 ಮರಿ ಒಂದು ಟ್ಯಾಂಕಿಗೆ, 20 ಇನ್ನೊಂದಕ್ಕೆ. ಎರಡೂ ಒಂದೇ ಗಾತ್ರ, ಎರಡೂ 27 ಡಿಗ್ರಿ, ಆಹಾರ ಒಂದೇ ಚಮಚದಲ್ಲಿ ಅಳೆದು ಹಾಕುತ್ತಿದ್ದೆ. ಒಂದಕ್ಕೆ ದಿನಾ ಮೂರನೇ ಒಂದು ಭಾಗ ಹೊಸ ನೀರು, ಇನ್ನೊಂದಕ್ಕೆ ವಾರಕ್ಕೊಮ್ಮೆ ಮಾತ್ರ. ಚಪ್ಪಟೆ ಗಾಜಿನ ಒಂದು ಸಣ್ಣ ಪೆಟ್ಟಿಗೆಯ ಹಿಂದೆ ಗ್ರಾಫ್ ಹಾಳೆ ಅಂಟಿಸಿದ್ದೆ. ಪ್ರತಿ ಭಾನುವಾರ ಮರಿಗಳನ್ನು ಒಂದೊಂದಾಗಿ ಲೋಟದಲ್ಲಿ ಎತ್ತಿ ಅದರೊಳಗೆ ಬಿಟ್ಟು, ಮಿಲಿಮೀಟರ್ ಚೌಕ ಎಣಿಸುತ್ತಿದ್ದೆ.

ಮೊದಲ ವಾರ ಏನೂ ವ್ಯತ್ಯಾಸ ಕಾಣಲಿಲ್ಲ. ಎರಡನೇ ವಾರ ಒಂದು ಚೌಕ. ನಾಲ್ಕನೇ ವಾರದ ಹೊತ್ತಿಗೆ ಗ್ರಾಫ್ ಹಾಳೆಯೇ ಬೇಕಾಗಿರಲಿಲ್ಲ, ದೂರದಿಂದಲೇ ಕಾಣುತ್ತಿತ್ತು. ಆದರೆ ನನಗೆ ಇವತ್ತಿಗೂ ಮರೆಯದ ವಿಷಯ ಬೇರೆ. ಎರಡು ಟ್ಯಾಂಕಿನ ಅತಿ ದೊಡ್ಡ ಮರಿಗಳು ಹೆಚ್ಚುಕಡಿಮೆ ಸಮವಾಗಿದ್ದವು. ವ್ಯತ್ಯಾಸವೆಲ್ಲ ಸಣ್ಣ ಮರಿಗಳಲ್ಲಿತ್ತು. ಹಳೆ ನೀರಿನಲ್ಲಿ ಗಟ್ಟಿ ಮರಿ ಹೇಗೋ ಬೆಳೆದುಬಿಡುತ್ತದೆ. ಸ್ವಲ್ಪ ಹಿಂದಿರುವ ಮರಿಗೆ ಪೆಟ್ಟು ಬೀಳುತ್ತದೆ. ನಿಮ್ಮ ಟ್ಯಾಂಕಿನಲ್ಲಿ ನೀವು ನೋಡುತ್ತಿರುವುದು ಅದೇ.

ಟ್ಯಾಂಕಿನ ಅಳತೆಗೆ ತಕ್ಕಂತೆ ಮೀನು ತಾನಾಗಿ ಚಿಕ್ಕದಾಗಿ ಉಳಿಯುತ್ತದೆ ಅನ್ನುವ ಮಾತನ್ನು ದಯವಿಟ್ಟು ನಂಬಬೇಡಿ. ಮೀನು ಗಾಜಿಗೆ ಹೊಂದಿಕೊಂಡು ಚಿಕ್ಕದಾಗುವುದಿಲ್ಲ. ಕೆಟ್ಟ ನೀರು, ನೂಕುನುಗ್ಗಲು, ಹಸಿವು ಸೇರಿ ಅದರ ಬೆಳವಣಿಗೆ ಕುಂಠಿತವಾಗುತ್ತದೆ. ಹಾಗೆ ನಿಂತ ಮರಿಯನ್ನು ಹತ್ತಿರದಿಂದ ನೋಡಿ. ಮೈಗೆ ಹೋಲಿಸಿದರೆ ಕಣ್ಣು ದೊಡ್ಡದಾಗಿ ಕಾಣುತ್ತದೆ. ಅದು ಆರೋಗ್ಯವಾಗಿರುವ ಚಿಕ್ಕ ಮೀನಲ್ಲ.

ಇನ್ನು ನೂಕುನುಗ್ಗಲು. ಏಂಜೆಲ್ ಮರಿಗಳಲ್ಲಿ ಎಂಟು ವಾರಕ್ಕೇ ಯಜಮಾನಿಕೆ ಶುರುವಾಗಿರುತ್ತದೆ. ಆಹಾರ ಹಾಕಿದ ಮೇಲೆ ಮುಂದೆ ನುಗ್ಗುವ ಮರಿಗಳನ್ನು ಬಿಟ್ಟು ಹಿಂದಿನ ಮೂಲೆ ನೋಡಿ. ಹೀಟರ್ ಹಿಂದೆ ಒಂದೆರಡು ಮರಿ ರೆಕ್ಕೆ ಮಡಚಿಕೊಂಡು, ಮೈ ಕಪ್ಪಾಗಿಸಿಕೊಂಡು ನಿಂತಿರುತ್ತವೆ. ಒಂದು ಕಾಳು ಅವುಗಳ ಕಡೆ ತೇಲಿ ಬಂದರೂ ಬಾಯಿ ತೆರೆಯುವ ಮೊದಲೇ ದೊಡ್ಡದೊಂದು ಬಂದು ಎತ್ತಿಕೊಂಡು ಹೋಗುತ್ತದೆ. ಇವತ್ತು ಒಂದು ಮಿಲಿಮೀಟರ್ ದೊಡ್ಡದಿದ್ದ ಮರಿ ಇವತ್ತು ಜಾಸ್ತಿ ತಿನ್ನುತ್ತದೆ, ನಾಳೆ ಎರಡು ಮಿಲಿಮೀಟರ್ ದೊಡ್ಡದಾಗುತ್ತದೆ. ಅಂತರ ತನ್ನಷ್ಟಕ್ಕೆ ಹೆಚ್ಚುತ್ತಾ ಹೋಗುತ್ತದೆ.

ಹಾಗಾಗಿ ಇನ್ನೊಂದು ಟ್ಯಾಂಕ್ ಹೊಂದಿಸಿ ಮರಿಗಳನ್ನು ಬೇರೆ ಮಾಡಿ. ಎತ್ತುವಾಗ ದೊಡ್ಡವನ್ನೇ ಎತ್ತಿ, ಜಾಗ ಬದಲಾದರೆ ಅವು ತಡೆದುಕೊಳ್ಳುತ್ತವೆ. ಸಣ್ಣವು ಪರಿಚಯದ ಜಾಗದಲ್ಲೇ ಇರಲಿ. ಹಳೆ ಫಿಲ್ಟರಿನ ಪಕ್ಕದಲ್ಲಿ ಇವತ್ತೇ ಇನ್ನೊಂದು ಸ್ಪಂಜ್ ಇಟ್ಟುಬಿಡಿ. ಹೊಸ ಟ್ಯಾಂಕಿಗೆ ಹೋಗುವಾಗ ಅದರಲ್ಲಿ ಅಮೋನಿಯ ಬದಲಾಯಿಸುವ ಬ್ಯಾಕ್ಟೀರಿಯ ಕೂತಿರಬೇಕು.

ಒಂದು ಎಚ್ಚರಿಕೆ. ಇದನ್ನು ಓದಿ ಇವತ್ತೇ ಮುಕ್ಕಾಲು ಭಾಗ ನೀರು ಬದಲಾಯಿಸಬೇಡಿ. ನಿಮ್ಮ ಟ್ಯಾಂಕ್ 6.4ರಲ್ಲಿದೆ, ನಲ್ಲಿ ನೀರು 7.6. ಪಿಎಚ್ ಕಡಿಮೆ ಇದ್ದಾಗ ಅಮೋನಿಯದ ಬಹುಪಾಲು ಅಷ್ಟೇನೂ ಹಾನಿ ಮಾಡದ ರೂಪದಲ್ಲಿರುತ್ತದೆ. ಪಿಎಚ್ ಒಂದು ಅಂಕ ಏರಿದರೆ ವಿಷದ ಭಾಗ ಸುಮಾರು ಹತ್ತು ಪಟ್ಟಾಗುತ್ತದೆ. ಮೊದಲ ನಾಲ್ಕೈದು ದಿನ 15–20 ಶೇಕಡ ಮಾತ್ರ, ಕ್ಲೋರಿನ್ ತೆಗೆದು, ಅದೇ ಬಿಸಿಯ ನೀರು ಹಾಕಿ. ಅಮೋನಿಯ ಸೊನ್ನೆ ಆದ ಮೇಲೆ ದಿನಾ ಮೂರನೇ ಒಂದು ಭಾಗಕ್ಕೆ ಹೋಗಿ.

ಆಹಾರ ದಿನಕ್ಕೆ ಎರಡು ಸಲ ಸಾಲದು. ಮರಿಯ ಹೊಟ್ಟೆ ಚಿಕ್ಕದು, ಒಂದೇ ಸಲ ಎಷ್ಟು ಸುರಿದರೂ ಉಳಿದದ್ದು ಕೊಳೆಯುತ್ತದೆ. ಅದೇ ಪ್ರಮಾಣವನ್ನು ನಾಲ್ಕೈದು ಸಲಕ್ಕೆ ಹಂಚಿ. ಸಾಧ್ಯವಾದರೆ ಅದರಲ್ಲಿ ಎರಡು ಸಲ ಆಗಷ್ಟೇ ಮೊಟ್ಟೆ ಒಡೆದ ಆರ್ಟೀಮಿಯ (ಸಿಗಡಿಯಂಥ ಪುಟ್ಟ ಉಪ್ಪುನೀರಿನ ಜೀವಿ) ಕೊಡಿ. ಅದರ ಮೊಟ್ಟೆಯನ್ನು ಉಪ್ಪುನೀರಿನಲ್ಲಿ 28 ಡಿಗ್ರಿಗೆ ಗಾಳಿ ಬಿಟ್ಟು ಇಟ್ಟರೆ ಒಂದು ದಿನದಲ್ಲಿ ಒಡೆಯುತ್ತದೆ. ಒಡೆದ ಕೆಲವೇ ಗಂಟೆಯಲ್ಲಿ ತಿನ್ನಿಸಿ. ಹೊತ್ತು ಕಳೆದ ಹಾಗೆ ಅದು ತನ್ನೊಳಗಿನ ಭಂಡಾರವನ್ನು ತಾನೇ ಖರ್ಚು ಮಾಡಿಕೊಳ್ಳುತ್ತದೆ, ಸತ್ವ ಇಳಿಯುತ್ತದೆ. ತಿಂದ ಮರಿಯ ಹೊಟ್ಟೆ ಕಿತ್ತಳೆ ಮಣಿಯ ಹಾಗೆ ಹೊಳೆಯುತ್ತದೆ. ಟಾರ್ಚ್ ಹಿಡಿದು ಹೊಟ್ಟೆ ಎಣಿಸಿ. ಬೂದು ಹೊಟ್ಟೆ ಎಷ್ಟಿವೆಯೋ ಅಷ್ಟು ಮರಿಗೆ ಊಟ ಸಿಕ್ಕಿಲ್ಲ.

ಉತ್ತರ 3

ಮೇಲಿನವರು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಬಿಸಿಯ ಬಗ್ಗೆ ಮಾತ್ರ ಸ್ವಲ್ಪ ಹುಷಾರಾಗಿರಿ. 28 ಒಳ್ಳೆಯದಾದರೆ 31 ಇನ್ನೂ ಒಳ್ಳೆಯದು ಅಂದುಕೊಳ್ಳಬೇಡಿ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ 30ರಲ್ಲಿ ಹಿಡಿಯುವುದು ಏಳೂವರೆ ಮಾತ್ರ. ಮರಿಗೆ ಬೇಕಾಗುವುದು ಜಾಸ್ತಿ, ನೀರಲ್ಲಿ ಇರುವುದು ಕಡಿಮೆ.

ನಾನು ಗಪ್ಪಿ ಸಾಕುವವನು. ಬಿಸಿ ಜಾಸ್ತಿ ಇಟ್ಟ ಟ್ಯಾಂಕಿನಲ್ಲಿ ಗಂಡು ಮರಿಗಳಿಗೆ ಬೇಗ ಬಣ್ಣ ಬಂತು, ನನಗೆ ಖುಷಿಯಾಯಿತು. ಆದರೆ ಗಂಡು ಗಪ್ಪಿ ವಯಸ್ಸಿಗೆ ಬಂದ ಮೇಲೆ ಬೆಳೆಯುವುದು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಬೇಗ ವಯಸ್ಸಿಗೆ ಬಂದವು ಚಿಕ್ಕದಾಗೇ ಉಳಿದವು. ತಂಪಾಗಿ, ನಿಧಾನವಾಗಿ ಬೆಳೆದ ಅವುಗಳ ಅಣ್ಣತಮ್ಮಂದಿರು ಕೊನೆಗೆ ಅವಕ್ಕಿಂತ ದೊಡ್ಡದಾದರು. ಬೇಗ ಬೆಳೆಯುವುದೇ ಬೇರೆ, ದೊಡ್ಡದಾಗಿ ಬೆಳೆಯುವುದೇ ಬೇರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೀಟರ್ ಹಿಂದೆ ನೋಡಿದೆ. ನಿಜ, ಮೂರು ಮರಿ ಅಲ್ಲೇ ಇವೆ, ಕಪ್ಪಾಗಿ. ಇಷ್ಟು ದಿನ ಅವು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಸ್ಪಂಜ್ ಇಟ್ಟಿದ್ದೇನೆ, ಇವತ್ತು 10 ಲೀಟರ್ ನೀರು ಬದಲಾಯಿಸಿದೆ. ಒಂದೇ ಒಂದು ಮಾತು ಕೇಳಬೇಕು. ಮೂರು ವಾರ ನಿಂತುಹೋದ ಈ ಸಣ್ಣ ಮರಿಗಳು ಮತ್ತೆ ಬೆಳೆಯುತ್ತವಾ?

ಉತ್ತರ 2 ಬರೆದವರು

ಬಹಳಷ್ಟು ಬೆಳೆಯುತ್ತವೆ. ಸ್ವಲ್ಪ ಕಾಲ ಹಸಿದಿದ್ದ ಮೀನಿಗೆ ಒಳ್ಳೆ ನೀರು, ಹೊಟ್ಟೆ ತುಂಬ ಊಟ ಸಿಕ್ಕರೆ ಅದು ಮಾಮೂಲಿಗಿಂತ ವೇಗವಾಗಿ ಬೆಳೆದು ಹಿಂದಿನ ಬಾಕಿಯನ್ನು ಸ್ವಲ್ಪ ತೀರಿಸಿಕೊಳ್ಳುತ್ತದೆ. ನನ್ನ ವಾರಕ್ಕೊಮ್ಮೆ ನೀರಿನ 20 ಮರಿಗಳಲ್ಲಿ 13 ಹಾಗೆ ಚೇತರಿಸಿಕೊಂಡವು. ನಾಲ್ಕು ಸಣ್ಣದಾಗೇ ಉಳಿದವು, ಆದರೂ ಆರೋಗ್ಯವಾಗಿ ಬದುಕಿದವು. ಮೂರು ಹೋದವು. ಅವಕ್ಕೆ ಹುಟ್ಟಿನಿಂದಲೇ ಏನೋ ಕೊರತೆ ಇತ್ತು ಅನ್ನಿಸುತ್ತದೆ, ಒಂದರ ಕಿವಿರಿನ ಮುಚ್ಚಳ ಪೂರ್ತಿ ಮುಚ್ಚುತ್ತಲೇ ಇರಲಿಲ್ಲ. ಎಲ್ಲದಕ್ಕೂ ನೀರೇ ಕಾರಣ ಅಲ್ಲ, ಕೆಲವು ರಕ್ತದಲ್ಲೇ ಬಂದಿರುತ್ತದೆ. ಸಣ್ಣದಾಗೇ ಉಳಿದ ಮರಿಗಳಿಂದ ಮುಂದೆ ಮೊಟ್ಟೆ ಇಡಿಸಬೇಡಿ.

ಹೀಟರ್ ಹಿಂದಿನ ಆ ಮೂರನ್ನು ನಾಳೆಯೇ ಬೇರೆ ಮಾಡಿ, ದೊಡ್ಡವನ್ನು ಎತ್ತುವ ತನಕ ಕಾಯಬೇಡಿ. ಅದೇ ಟ್ಯಾಂಕಿನೊಳಗೆ ನೇತುಹಾಕುವ ಬಲೆ ಪೆಟ್ಟಿಗೆ ಸಾಕು, ನೀರು ಬದಲಾಗುವುದಿಲ್ಲ. ಒಂದು ಚಿಟಿಕೆ ಆರ್ಟೀಮಿಯ ನೇರವಾಗಿ ಅದರೊಳಗೆ ಬಿಡಿ. ಮೊದಲ ದಿನ ತಿನ್ನದಿದ್ದರೂ ಗಾಬರಿ ಬೇಡ. ನನ್ನವು ಎರಡನೇ ದಿನ ಮಧ್ಯಾಹ್ನ ತಿಂದವು. ಮೈಯ ಕಪ್ಪು ಇಳಿದು ಪಟ್ಟೆ ಕಾಣಿಸಿದ ಮೇಲೆ ಇಲ್ಲಿ ಬಂದು ಹೇಳಿ.